ಮೋಟಾರಿನ ಬೆನ್ನನ್ನು ಸಮವಾಗಿಡುವ ಯಂತ್ರ

ಸಂಸ್ಕೃತದಲ್ಲಿ 'ಕಮಠ'ವೆಂದರೆ ಆಮೆ. ಕುಸಿಯುತ್ತಿದ್ದ ಮಂದರಪರ್ವತವನ್ನು ಕೂರ್ಮನು ಅಡಿಯಿಂದ ಎತ್ತಿಹಿಡಿದ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಕಮಠಾಣದ ನಮ್ಮ ಅಂಗಳದಲ್ಲಿಯೇ ಅಂಥ ಕೂರ್ಮನನ್ನು ಅರಸುವ ಪ್ರಸಂಗವೊಂದು ಕಳೆದ ತಿಂಗಳು ಒದಗಿತು.

ತಂಗಿಯನ್ನು ಬೀದರದ ಆಸ್ಪತ್ರೆಗೆ ಕರೆದೊಯ್ಯಲೆಂದು ಅವಳ ಮಗನು ಹಳೆಯ ಮೋಟಾರೊಂದನ್ನು ತಂದಿದ್ದನು. ರಾತ್ರಿ ನೆಟ್ಟಗೆ ನಿಂತಿದ್ದ ಗಾಡಿಯ ಹಿಂಭಾಗವು ಬೆಳಗಾಗುವಷ್ಟರಲ್ಲಿ ತಗ್ಗಿಹೋಗಿತ್ತು. ಹುಡುಗನು ಜಾಕ್ ಕೊಟ್ಟು ಅಡಿಗೆ ನುಸುಳಹೊರಟನು.

"ಮಾಮಾ, ಸ್ಪ್ರಿಂಗ್ ಮುರಿದಿರಬೇಕು."

"ಇರಲಪ್ಪಾ, ಮೊದಲು ತಿಳಿದುಕೋ, ಆಮೇಲೆ ಕೈಯಿಕ್ಕು" ಎಂದು ತೋಳು ಹಿಡಿದು ನಿಲ್ಲಿಸಿದೆನು.

ಮುರಿದದ್ದು ಸ್ಪ್ರಿಂಗಲ್ಲವೆಂದು ಮಿಸ್ತ್ರಿಯು ಬಂದು ತೋರಿಸಿದನು. ಹಿಂದೆ ಭಾರ ಹೆಚ್ಚಿದಾಗ ತಾನಾಗಿಯೇ ಮೇಲೇಳುವ ಏರ್ಪಾಡು ಕೆಲವು ಗಾಡಿಗಳಲ್ಲಿರುತ್ತದೆ. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯು 1954ರಲ್ಲಿ ಎಣ್ಣೆ ಮತ್ತು ಅನಿಲಗಳ ಒತ್ತಡದಿಂದ ಹಿಂಗಾಲಿಗಳಿಗೆ ಇದನ್ನು ಅಳವಡಿಸಿತು, 1955ರ ಡಿ.ಎಸ್. ಗಾಡಿಯಲ್ಲಿ ನಾಲ್ಕು ಗಾಲಿಗಳಿಗೂ ಕೊಟ್ಟಿತು. ನಮ್ಮ ಅಂಗಳದ ಗಾಡಿಯದು ಗಾಳಿಯ ಬಗೆ.

ಅದರ ಅಂಗಗಳನ್ನು ಹುಡುಕುವ ಕ್ರಮ ಹೀಗೆ. ಹಿಂಗಾಲಿಗಳ ಒಳಮಗ್ಗುಲಲ್ಲಿ ರಬ್ಬರಿನ ಗಾಳಿಚೀಲಗಳಿರುತ್ತವೆ. ಇವೇ ಭಾರವನ್ನು ಹೊರುವ ಕೂರ್ಮಗಳು. ಅವುಗಳಿಂದ ಹೊರಟ ಸಣ್ಣ ನಳಿಗೆಗಳ ಜಾಡು ಹಿಡಿದು ನಡೆದರೆ ಗಾಳಿಯೂಡುವ ಪಂಪು ಸಿಗುತ್ತದೆ. ಅದರ ಸ್ಥಾನವು ಗಾಡಿಗಾಡಿಗೆ ಬೇರೆ: ಒಂದರಲ್ಲಿ ಡಿಕ್ಕಿಯ ಬಳಿ, ಇನ್ನೊಂದರಲ್ಲಿ ಎಂಜಿನ್ನಿನ ಬಳಿ. ಗಾಳಿಯ ತೇವವನ್ನು ಹೀರುವ ಡಬ್ಬಿಯು ಪಂಪಿಗೆ ಅಂಟಿಕೊಂಡಂತಿರುತ್ತದೆ. ನಾಲ್ಕನೆಯದು ಎತ್ತರವನ್ನು ಅಳೆಯುವ ಅಂಗ. ಅದರ ಪುಟ್ಟ ಸನ್ನೆಯು ಗಾಲಿಯೊಡನೆ ಏರಿಳಿಯುವ ತೋಳಿಗೆ ಸೇರಿರುತ್ತದೆ. ಗಾಡಿ ತಗ್ಗಿದರೆ ಸನ್ನೆ ತಿರುಗುವುದು, ಪಂಪು ಓಡುವುದು. ಭಾರ ಇಳಿದರೆ ಹೆಚ್ಚಿನ ಗಾಳಿ ಹೊರಬೀಳುವುದು. ರಸ್ತೆಯ ಪ್ರತಿಯೊಂದು ಕುಳಿಗೂ ಓಗೊಡದಂತೆ ಈ ಕ್ರಿಯೆಯು ಕೊಂಚ ತಡೆದು ನಡೆಯುತ್ತದೆ.

ಮಿಸ್ತ್ರಿಯು ಗಾಡಿಯನ್ನು ಗಟ್ಟಿಯಾದ ಆಧಾರಗಳ ಮೇಲೆ ನಿಲ್ಲಿಸಿ, ನಳಿಗೆಯ ಕೀಲುಗಳಿಗೆ ಸಾಬೂನಿನ ನೀರು ಹಚ್ಚಿದನು. ಒಂದು ಕೀಲಿನಲ್ಲಿ ಗುಳ್ಳೆಗಳೆದ್ದವು, ರೋಗಮೂಲವು ಅದೇ. ಅದನ್ನು ಅಲಕ್ಷಿಸಿದ್ದರೆ ಪಂಪು ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತಿತ್ತು.

ತಾಯಂದಿರೇ, ನಿಮ್ಮ ಮಕ್ಕಳಿಗೆ ಇದೊಂದನ್ನು ಹೇಳಿರಿ: ಗಾಳಿಯ ಬಲದಿಂದ ನಿಂತ ಗಾಡಿಯು ಗಾಳಿ ಹೋದೊಡನೆ ಕೆಳಗಿಳಿಯುತ್ತದೆ, ಬರಿಯ ಜಾಕನ್ನು ನಂಬಿ ಯಾರೂ ಅದರಡಿ ನುಸುಳಬಾರದು. ಅಂದು ತಂಗಿಯು ಬಸ್ಸಿನಲ್ಲಿಯೇ ಬೀದರಕ್ಕೆ ಹೋದಳು. ತಲುಪಿದ್ದು ತುಸು ತಡವಾಯಿತು. ಮಗನು ಅವಳ ಪಕ್ಕದಲ್ಲಿ ಕುಳಿತಿದ್ದನು; ನನಗೆ ಅಷ್ಟೇ ಸಾಕಾಗಿತ್ತು.