ಅಗ್ಗದ ಟಿಕೆಟ್ಟಿನ ಬಾಕಿ ತೀರಿಸುವವರು ಯಾರು?

"18 ಸಾವಿರ ಉಳೀತು ನೋಡು!" ಅಂತ ನಮ್ಮ ಯಜಮಾನರು ಕಂಪ್ಯೂಟರ್ ಮುಂದಿನಿಂದ ಕೂಗಿದಾಗ ರೊಟ್ಟಿ ಬಡಿಯುತ್ತಿದ್ದ ನಾನೂ ಓಡಿಹೋಗಿ ಖುಷಿಪಟ್ಟಿದ್ದೆ. ಎರಡು ವರ್ಷದ ಹಿಂದಿನ ಮಾತು. ನಾದಿನಿಗೆ ಅಮೆರಿಕದ ಸ್ಯಾನ್ ಹೋಸೆಯಲ್ಲಿ ಹೆರಿಗೆ. ಬಾಣಂತನಕ್ಕೆ ಹೊರಟವರು ನಮ್ಮ ಅತ್ತೆ. ನಮ್ಮೂರು ಬಾಗಲವಾಡ, ಮನೆ ಈಗ ರಾಯಚೂರಲ್ಲಿ. ಅತ್ತೆ ಮಾನ್ವಿ, ದೇವದುರ್ಗ, ಮಂತ್ರಾಲಯ, ತಿರುಪತಿ ಬಿಟ್ಟರೆ ಬೇರೆ ಊರು ಕಂಡವರಲ್ಲ. ವಯಸ್ಸು 62, ಜೊತೆಗೆ ಸಕ್ಕರೆ ಕಾಯಿಲೆ.

ನಮ್ಮ ಮುಂದೆ ಎರಡು ಟಿಕೆಟ್ ಇದ್ದವು. ಒಂದು ಹೈದರಾಬಾದಿನಿಂದ. ನಡುವೆ ಒಂದೇ ನಿಲುಗಡೆ, 23 ಗಂಟೆ ಪ್ರಯಾಣ, ಹೋಗಿ ಬರಲು 80 ಸಾವಿರ. ಇನ್ನೊಂದು ಬೆಂಗಳೂರಿನಿಂದ. ಎರಡು ನಿಲುಗಡೆ, 34 ಗಂಟೆ, 62 ಸಾವಿರ. ಯಾವುದನ್ನು ತೆಗೆದುಕೊಂಡೆವು ಅಂತ ಬೇರೆ ಹೇಳಬೇಕೇ? ಅಂಗಡಿಯಲ್ಲಿ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಮಗೆ 18 ಸಾವಿರ ಕಣ್ಣಿಗೆ ಕಟ್ಟಿಬಿಟ್ಟಿತು. ಅತ್ತೆಯನ್ನು ಮಾತ್ರ ಯಾರೂ ಒಂದು ಮಾತು ಕೇಳಲಿಲ್ಲ.

ರಾತ್ರಿ ರೈಲಿಗೆ ಬೆಂಗಳೂರು, 10 ಗಂಟೆ. ವಿಮಾನ ಇದ್ದದ್ದು ಮರುದಿನ ನಸುಕಿನ 3ಕ್ಕೆ. ಅಲ್ಲಿಯವರೆಗೆ ರೂಮು, ಟ್ಯಾಕ್ಸಿ, ವಿಮಾನ ನಿಲ್ದಾಣದ ಕುರ್ಚಿ ಎಲ್ಲಾ ಸೇರಿ 20 ಗಂಟೆ. ಆಮೇಲೆ ವಿಮಾನದ 34 ಗಂಟೆ. ಅದರಲ್ಲಿ ಒಂದು ಪರದೇಶದ ನಿಲ್ದಾಣದಲ್ಲೇ 13 ಗಂಟೆ ಕುಳಿತರು. ಭಾಷೆ ಬಾರದು, ಕಟ್ಟಿಕೊಟ್ಟ ರೊಟ್ಟಿ ಶೇಂಗಾ ಚಟ್ನಿ ಬಿಟ್ಟರೆ ಬಾಯಿಗೆ ಹಿಡಿಸುವಂಥದ್ದಿಲ್ಲ. ಇಳಿದ ಮೇಲೆ ಮಗಳ ಮನೆಗೆ 2 ಗಂಟೆ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಒಟ್ಟು 66 ಗಂಟೆ!

"ಏನೂ ತ್ರಾಸ್ ಆಗಿಲ್ಲವ್ವ, ಛಲೋ ಬಂದೀನಿ" ಅಂದರು ಫೋನಿನಲ್ಲಿ. ಆದರೆ ನಾದಿನಿ ಸುಮ್ಮನೆ ಒಂದು ಫೋಟೋ ಕಳಿಸಿದಳು. ಅತ್ತೆಯ ಪಾದಗಳು. ಎಷ್ಟು ಬಾತುಕೊಂಡಿದ್ದವೆಂದರೆ ಕಾಲುಂಗುರ ಬೆರಳೊಳಗೆ ಕಚ್ಚಿಕೊಂಡಿತ್ತು. ಎರಡು ದಿನ ತುಂಬು ಗರ್ಭಿಣಿಯೇ ಅಮ್ಮನಿಗೆ ಬಿಸಿನೀರು ಕಾಯಿಸಿಕೊಟ್ಟಳಂತೆ. ಬಾಣಂತನಕ್ಕೆ ಹೋದವರಿಗೇ ಆರೈಕೆ ಬೇಕಾಯಿತು. ಆ ಫೋಟೋ ನೋಡಿ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು.

ಆ ರಾತ್ರಿ ಮನೆ ಖರ್ಚಿನ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಹೈದರಾಬಾದಿಗೆ ಕಾರು ಮಾಡಿದ್ದರೆ ಆಗುತ್ತಿದ್ದ ಖರ್ಚನ್ನು ಕಳೆದರೂ, ಹೋಗುವಾಗ ಬರುವಾಗ ಬೆಂಗಳೂರಿನ ಓಡಾಟಕ್ಕೆ 6 ಸಾವಿರ ಹೆಚ್ಚಿಗೆ. ಅಗ್ಗದ ಟಿಕೆಟ್ಟಿನಲ್ಲಿ ಒಂದೇ ಸೂಟ್‌ಕೇಸ್ ಅಂತೆ. ಅಂಟಿನುಂಡಿ, ಕೂಸಿನ ಕುಲಾಯಿ ತುಂಬಿದ್ದ ಎರಡನೆಯದಕ್ಕೆ 6 ಸಾವಿರ. ದಾರಿಯಲ್ಲಿ ನೀರು, ಊಟ 1 ಸಾವಿರ. 18ರಲ್ಲಿ 13 ಹೋಗಿ ಉಳಿದದ್ದು 5 ಸಾವಿರ. ಯಜಮಾನರ ರಜೆ ಲೆಕ್ಕಕ್ಕೇ ಇಲ್ಲ.

ಹೈದರಾಬಾದಿನಿಂದ ಹೋಗಿದ್ದರೆ? 2008ರಲ್ಲಿ ಶುರುವಾದ ಶಂಷಾಬಾದ್ ವಿಮಾನ ನಿಲ್ದಾಣ ನಮಗೆ ಇನ್ನೂರು ಕಿ.ಮೀ. ಒಳಗೆ. ಮಹಬೂಬ್‌ನಗರ, ಜಡಚರ್ಲಾ ದಾಟಿದರೆ ಹೈದರಾಬಾದ್ ಊರೊಳಗೆ ಹೋಗುವ ಮೊದಲೇ ಸಿಗುತ್ತದೆ. ಕಾರಿನಲ್ಲಿ 5 ಗಂಟೆ, ಕಾಯಲು 4, ವಿಮಾನ 23, ಇಳಿದ ಮೇಲೆ 2. ಒಟ್ಟು 34. ಅಂದರೆ 5 ಸಾವಿರಕ್ಕಾಗಿ ಅತ್ತೆ ಹೋಗುವಾಗಲೇ 32 ಗಂಟೆ ಹೆಚ್ಚಿಗೆ ಸವೆಸಿದರು. ಗಂಟೆಗೆ 156 ರೂಪಾಯಿ. ಬರುವಾಗಿನದನ್ನೂ ಸೇರಿಸಿದರೆ ಇನ್ನೂ ಕಡಿಮೆ!

ಇದು ಬರೀ ಸುಸ್ತಿನ ಮಾತಲ್ಲ. 4 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಅಲುಗಾಡದೆ ಕುಳಿತು ಪ್ರಯಾಣ ಮಾಡಿದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಆರೋಗ್ಯವಂತರಿಗೆ ಆ ಅಪಾಯ ಸಣ್ಣದೇ, ಹೆದರಬೇಕಿಲ್ಲ. ಆದರೆ ಇದು ವಿಮಾನಕ್ಕಷ್ಟೇ ಅಲ್ಲ, ರೈಲು, ಬಸ್ಸು, ಕಾರಿಗೂ ಅನ್ವಯಿಸುತ್ತದೆ. ಒಂದರ ಹಿಂದೊಂದು ಪ್ರಯಾಣ ಮಾಡಿದರೆ ಅಪಾಯ ಇನ್ನೂ ಹೆಚ್ಚು. ನಾವು ಅತ್ತೆಗೆ ಮಾಡಿಸಿದ್ದು ಅದನ್ನೇ ಅಲ್ಲವೇ?

ಇನ್ನೊಂದು ವಿಷಯ ನನ್ನನ್ನು ಚುಚ್ಚಿತು. ನಾದಿನಿಯ ಗಂಡನನ್ನು ಕಂಪನಿಯವರು ಕೆಲಸಕ್ಕೆ ಕಳಿಸುವಾಗ ಒಳ್ಳೆಯ ಹೊತ್ತಿನ, ನಿಲುಗಡೆ ಕಡಿಮೆ ಇರುವ ವಿಮಾನವನ್ನೇ ಹಿಡಿಯುತ್ತಾರೆ. ಇಳಿದ ಮರುದಿನ ಅವರು ಕೆಲಸಕ್ಕೆ ಹಾಜರಾಗಬೇಕು, ಹಾಗಾಗಿ ಅವರ ಸಮಯಕ್ಕೆ ಬೆಲೆ. ಅತ್ತೆಯೂ ಇಳಿದ ಮರುದಿನ ಕೆಲಸಕ್ಕೇ ಹಾಜರಾಗಬೇಕಿತ್ತು, ಅಡುಗೆ, ಕೂಸಿನ ಎರೆಯುವಿಕೆ, ರಾತ್ರಿ ಜಾಗರಣೆ. ಸಂಬಳ ಇಲ್ಲದ ಕೆಲಸ ಆದ್ದರಿಂದ ಸಮಯಕ್ಕೂ ಬೆಲೆ ಇಲ್ಲ! "ಮನೆಯಲ್ಲೇ ಇರ್ತಾರಲ್ಲ, ನಿಧಾನಕ್ಕೆ ಹೋಗಲಿ ಬಿಡು" ಅಂತ ನಾವೇ ಹೆಂಗಸರೂ ಅಂದುಬಿಡುತ್ತೇವೆ. ಟಿಕೆಟ್ಟಿನಲ್ಲಿ ಉಳಿಸಿದ ಬಾಕಿಯನ್ನು ಆಕೆ ಮೈಯಿಂದ ತೀರಿಸುತ್ತಾಳೆ.

ಹಾಗಂತ ಅಗ್ಗದ ಟಿಕೆಟ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಓದಲು ಹೋಗುವ ಹುಡುಗರು ಬ್ಯಾಗಿನ ಮೇಲೆ ತಲೆಯಿಟ್ಟು ನಿದ್ದೆ ತೆಗೆಯುತ್ತಾರೆ. ಹತ್ತಿ, ಭತ್ತ ನಂಬಿದ ನಮ್ಮ ಕಡೆಯ ಎಷ್ಟೋ ಮನೆಗಳಿಗೆ 18 ಸಾವಿರ ಅಂದರೆ ದೊಡ್ಡ ಗಂಟು. ಉಳಿಸಲೇಬೇಕಾದವರು ಉಳಿಸಲಿ. ಆದರೆ ನಿಜವಾಗಿ ಎಷ್ಟು ಉಳಿಯುತ್ತದೆ ಅಂತ ನೋಡಿ ಉಳಿಸಲಿ, ಹೋಗುವವರನ್ನು ಕೇಳಿ ಉಳಿಸಲಿ.

ಗೆಳತಿಯರೇ, ಟಿಕೆಟ್ ತೆಗೆಯುವ ಮುನ್ನ ಇಷ್ಟು ಮಾಡಿ:

* ವಿಮಾನದ ಗಂಟೆ ಮಾತ್ರ ನೋಡಬೇಡಿ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಎಷ್ಟು ಗಂಟೆ, ಎಷ್ಟು ಖರ್ಚು ಅಂತ ಬರೆದುಕೊಳ್ಳಿ. ಉಳಿದ ಹಣವನ್ನು ಹೆಚ್ಚಾದ ಗಂಟೆಗಳಿಂದ ಭಾಗಿಸಿ. ಆ ಬೆಲೆ ಒಪ್ಪಿಗೆಯೇ?

* ಎಷ್ಟು ಸೂಟ್‌ಕೇಸ್, ಎಷ್ಟು ಕಿಲೋ, ಊಟ ಇದೆಯೇ ಅಂತ ಮೊದಲೇ ಓದಿ.

* ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಟಿಕೆಟ್ ಜೋಡಿಸಿದರೆ ಮೊದಲ ವಿಮಾನ ತಡವಾದಾಗ ಎರಡನೆಯವರು ಹೊಣೆಯಲ್ಲ. ಸಾಮಾನನ್ನು ನಡುವೆ ಇಳಿಸಿಕೊಂಡು ಮತ್ತೆ ಹಾಕಬೇಕಾಗಬಹುದು, ಆಗ ಆ ದೇಶದ ವೀಸಾವನ್ನೂ ಕೇಳುತ್ತಾರೆ. ಕೆಲವು ದೇಶಗಳಲ್ಲಿ ಬರೀ ವಿಮಾನ ಬದಲಿಸಲೂ ಟ್ರಾನ್ಸಿಟ್ ವೀಸಾ ಬೇಕು, ವಿಚಾರಿಸಿಕೊಳ್ಳಿ.

* ವಯಸ್ಸಾದವರಿಗೆ ಬುಕಿಂಗ್ ಮಾಡುವಾಗಲೇ ಗಾಲಿಕುರ್ಚಿ ಕೇಳಿ. ಅದು ನಾಚಿಕೆಯಲ್ಲ, ದಾರಿ ತೋರಿಸುವವರೂ ಜೊತೆಗೆ ಸಿಗುತ್ತಾರೆ.

* ಮಾತ್ರೆ, ಇನ್ಸುಲಿನ್, ಡಾಕ್ಟರ ಚೀಟಿ ಕೈಚೀಲದಲ್ಲೇ ಇರಲಿ. ಆಗಾಗ ಎದ್ದು ನಾಲ್ಕು ಹೆಜ್ಜೆ ಓಡಾಡಲಿ, ನೀರು ಕುಡಿಯಲಿ.

ಈ ಸಲ ಮೊಮ್ಮಗನ ಹುಟ್ಟುಹಬ್ಬಕ್ಕೆ ಅತ್ತೆ ಮತ್ತೆ ಹೊರಟಿದ್ದಾರೆ. ಯಜಮಾನರು ಎರಡೂ ಟಿಕೆಟ್‌ಗಳ ವಿವರವನ್ನು ಓದಿ ಹೇಳಿ, "ಯಾವುದು ಮಾಡ್ಲಿ ಅವ್ವ?" ಅಂದರು. "ರೊಕ್ಕ ಎಷ್ಟು ಹೆಚ್ಚಪ?" ಅಂತ ಕೇಳಿದರು ಅತ್ತೆ. ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಪಾದ ನೋಡಿಕೊಂಡು, "ಹೈದರಾಬಾದಿಂದನ ಮಾಡಪ" ಅಂದರು.

ಎರಡು ವರ್ಷದ ಹಿಂದೆ ಕೇಳಿದ್ದರೂ ಬಹುಶಃ ಇದನ್ನೇ ಹೇಳುತ್ತಿದ್ದರು. ನಾವು ಕೇಳಿರಲಿಲ್ಲ, ಅಷ್ಟೇ. ನೀವು ಕೇಳ್ತೀರಲ್ಲ?