ಬೈಕಿನ ಅಲಂಕಾರ: ಅಂದಕ್ಕೋ, ಅಪಾಯಕ್ಕೋ?

2024ರ ಆಗಸ್ಟ್ 15ರಂದು ಬೆಂಗಳೂರು-ತುಮಕೂರು ಹೆದ್ದಾರಿಯಲ್ಲಿ, ನೆಲಮಂಗಲದ ಬಳಿ ವ್ಹೀಲಿ ಮಾಡುತ್ತಿದ್ದ ಯುವಕರ ಎರಡು ಸ್ಕೂಟರ್‌ಗಳನ್ನು ರೊಚ್ಚಿಗೆದ್ದ ಜನರು ಮೇಲ್ಸೇತುವೆಯಿಂದ ಕೆಳಕ್ಕೆಸೆದರು. ಕಾನೂನನ್ನು ಕೈಗೆತ್ತಿಕೊಂಡದ್ದು ಖಂಡಿತ ತಪ್ಪು. ಆದರೆ ಜನರ ತಾಳ್ಮೆ ಯಾಕೆ ಕೆಟ್ಟಿತು ಎಂಬುದನ್ನೂ ನಾವು ಯೋಚಿಸಬೇಕಾಗಿದೆ.

ವ್ಹೀಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಗ್ಯಾರೇಜಿನಲ್ಲಿ ಸದ್ದಿಲ್ಲದೆ ನಡೆಯುವ ಮಾರ್ಪಾಡು ಬೀಳುವುದಿಲ್ಲ. ತುಮಕೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದಂತಹ ಕಡೆ ಪಾಳಿ ಮುಗಿಸಿ ಬೈಕ್ ಏರುವವರು ಲಾರಿಗಳ ನಡುವೆಯೇ ಮನೆ ಸೇರಬೇಕು. ಅಲ್ಲಿ ಕನ್ನಡಿ, ಬ್ರೇಕ್, ದೀಪಗಳು ಜೀವದ ಪ್ರಶ್ನೆ.

ಅಂದ ಕೆಡುತ್ತದೆಂದು ಕನ್ನಡಿ ಕಳಚಿದರೆ ಹಿಂದಿನ ಲಾರಿ ಕಾಣುವುದಿಲ್ಲ. ರಿಮ್ಮಿಗೆ ಒಗ್ಗದ ಅಗಲ ಟೈರ್ ಹಾಕಿದರೆ ತಿರುವಿನಲ್ಲಿ ಹಿಡಿತ ತಪ್ಪುತ್ತದೆ. ಎಬಿಎಸ್ ಇರುವ ಬೈಕಿನಲ್ಲಿ ಚಕ್ರದ ವೇಗದ ಲೆಕ್ಕವೂ ಏರುಪೇರಾಗಬಹುದು. ಹ್ಯಾಂಡಲ್ ಬದಲಿಸಿದಾಗ ಕೇಬಲ್ ಬಿಗಿಯಾಗಿ ಎಳೆದುಕೊಳ್ಳುವುದುಂಟು. ಕಣ್ಣು ಕುಕ್ಕುವ ಎಲ್‌ಇಡಿ ದೀಪ ಎದುರಿನವನನ್ನು ಕ್ಷಣಕಾಲ ಕುರುಡಾಗಿಸುತ್ತದೆ. ಅದಕ್ಕಾಗಿ ವೈರು ಕತ್ತರಿಸಿ ಜೋಡಿಸಿದರೆ ಶಾರ್ಟ್ ಸರ್ಕ್ಯೂಟ್ ಭಯ ಬೇರೆ. ಇನ್ನು ಸೀರೆಗಾರ್ಡ್ ಕಿತ್ತೆಸೆಯುವ ಮಗ, ಹಿಂದೆ ಕೂರುವ ತಾಯಿಯ ಸೆರಗು ಚಕ್ರಕ್ಕೆ ಸಿಲುಕಬಹುದೆಂದು ಯೋಚಿಸಿದ್ದಾನೆಯೇ?

ಕಾನೂನು ಸ್ಪಷ್ಟವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತಹ ಬದಲಾವಣೆಯನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಇಂತಹ ಪ್ರತಿಯೊಂದು ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಬಹುದು. ಕರ್ಕಶ ಸೈಲೆನ್ಸರ್‌ಗಳನ್ನು ಪೊಲೀಸರು ವಶಪಡಿಸಿಕೊಂಡು ರೋಡ್‌ರೋಲರ್‌ನಿಂದ ಪುಡಿ ಮಾಡಿದ್ದನ್ನೂ ಕಂಡಿದ್ದೇವೆ. ಆದರೆ ಅಂಗಡಿಯಲ್ಲಿ ಮಾರಾಟ ನಿಲ್ಲದೆ, ಸವಾರನಿಗೆ ಮಾತ್ರ ದಂಡ ಹಾಕಿದರೆ ಫಲವೆಷ್ಟು?

ಎಲ್ಲ ಪರಿಕರಗಳೂ ಕೆಟ್ಟವಲ್ಲ. ಐಎಸ್‌ಐ ಗುರುತಿನ ಹೆಲ್ಮೆಟ್, ಅದರ ಪಟ್ಟಿ ಬಿಗಿದಿದ್ದರೆ, ಎಲ್ಲಕ್ಕಿಂತ ಉತ್ತಮ ಪರಿಕರ. 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದ 1,68,491 ಮಂದಿಯಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು ಎಂದು ಕೇಂದ್ರ ಸರಕಾರದ ವರದಿ ಹೇಳುತ್ತದೆ.

ಹೆತ್ತವರೇ, ಬೈಕಿಗೆ ಹಣ ಕೊಡುವಾಗ ಅದಕ್ಕೆ ಏನೇನು ಜೋಡಿಸುತ್ತಾರೆಂದೂ ಕೇಳಿರಿ. ಯುವಜನರ ಸಭೆಗಳಲ್ಲಿ ಒಮ್ಮೆ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಮಾತನಾಡಿಸಿರಿ. ನಮ್ಮ ಉಪದೇಶಕ್ಕಿಂತ ಅವರ ಮಾತು ಬೇಗ ನಾಟೀತು.