‘ಮನೇಲೇ ಮಾಡಿದ್ದು’ ಅಂದ್ರೆ ಯಾರು ಮಾಡಿದ್ದು?

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಮನೆಗೆ ನಾಲ್ಕು ಜನ ನೆಂಟರು ಬಂದಿದ್ದರು. ಊಟ ಆದ ಮೇಲೆ ಆಪಲ್ ಪೈ ತಂದಿಟ್ಟೆ. ಮೇಲಿನ ಹೊದಿಕೆ ಹೊಂಬಣ್ಣಕ್ಕೆ ತಿರುಗಿತ್ತು. ಚಾಕು ಇಟ್ಟರೆ ಗರಿಗರಿ ಸದ್ದು, ಒಳಗಿಂದ ಸೇಬು, ಚಕ್ಕೆಯ ಘಮ. ಒಬ್ಬರು ಬಾಯಿಗಿಟ್ಟವರೇ, ‘ಯಾವ ಬೇಕರೀದು ಇದು?’ ಅಂದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಯಜಮಾನರು ಹೆಮ್ಮೆಯಿಂದ, ‘ಬೇಕರೀದಲ್ಲ, ಮನೇಲೇ ಮಾಡಿದ್ದು’ ಅಂದರು. ಎಲ್ಲರೂ ತಲೆದೂಗಿದರು, ಇನ್ನೊಂದು ತುಂಡು ಹಾಕಿಸಿಕೊಂಡರು. ಮಾತು ಟ್ರಾಫಿಕ್ ಕಡೆ ತಿರುಗಿತು.

ರಾತ್ರಿ ಪಾತ್ರೆ ತೊಳೆಯುವಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಮನೇಲೇ ಮಾಡಿದ್ದು. ಸರಿ, ಯಾರು ಮಾಡಿದ್ದು? ಮನೆ ಮಾಡಿತಾ? ಗೋಡೆ ಹಿಟ್ಟು ಕಲಸಿತಾ, ಕಿಟಕಿ ಸೇಬು ಹೆಚ್ಚಿತಾ? ಅವರು ಬೇಕಂತ ಹಾಗಂದವರಲ್ಲ, ಹೊಗಳಬೇಕು ಅಂತಲೇ ಅಂದರು. ನಾನೂ ಎಷ್ಟೋ ಸಲ ಹಾಗೇ ಹೇಳಿದ್ದೀನಿ. ‘ಮನೇಲೇ ಮಾಡಿದ ಉಪ್ಪಿನಕಾಯಿ’, ‘ಮನೇಲೇ ಮಾಡಿದ ಸಂಡಿಗೆ’. ನೀವೂ ಹೇಳಿರುತ್ತೀರಿ, ಅಲ್ವಾ? ಮಾಡಿದವಳು ಮಾತ್ರ ಆ ಮಾತಿನಲ್ಲಿ ಎಲ್ಲೂ ಕಾಣೋದಿಲ್ಲ.

ಇವತ್ತು ನಾನು ಹೇಳಹೊರಟಿರುವುದು ಎರಡು ವಿಷಯ. ಒಂದು, ಆಪಲ್ ಪೈಯನ್ನು ಮನೆಯಲ್ಲಿ ಸರಿಯಾಗಿ ಮಾಡೋದು ಹೇಗೆ. ಇನ್ನೊಂದು, ಮಾಡಿದ ಮೇಲೆ ಅದನ್ನು ನಿಮ್ಮ ಹೆಸರಿನಲ್ಲೇ ಬರೆದಿಡಿ ಅನ್ನೋದು. ಎರಡಕ್ಕೂ ಸಂಬಂಧ ಇದೆ. ಯಾಕೆ ಅಂತ ಗೊತ್ತಾಗಬೇಕಾದರೆ ಪೈಗೆ ಹಾಕುವ ಸೇಬಿನ ಕಥೆಯನ್ನೇ ಕೇಳಬೇಕು.

ಇಬ್ಬರು ಹೆಂಗಸರು, ಎರಡು ಸೇಬು

ಆಪಲ್ ಪೈ ಅಂದರೆ ಅಮೆರಿಕದ್ದು ಅಂತ ನಾವು ಅಂದುಕೊಂಡಿದ್ದೀವಿ. ಅದರ ತವರು ಯೂರೋಪು. ಇಂಗ್ಲೆಂಡಿನ ರಾಜ ಎರಡನೇ ರಿಚರ್ಡ್‌ನ ಬಾಣಸಿಗರು 1390ರ ಸುಮಾರಿಗೆ ಬರೆಸಿದ ‘ದ ಫಾರ್ಮ್ ಆಫ್ ಕ್ಯೂರಿ’ ಎಂಬ ಅಡುಗೆ ಪುಸ್ತಕದಲ್ಲೇ ಸೇಬು, ಪೇರ್, ಅಂಜೂರ, ಒಣದ್ರಾಕ್ಷಿ, ಕೇಸರಿ ಸೇರಿಸಿ ಹಿಟ್ಟಿನ ಹೊದಿಕೆಯೊಳಗೆ ಬೇಯಿಸುವ ವಿಧಾನ ಇದೆ. ರಾಜನ ಹೆಸರು ಎಲ್ಲರಿಗೂ ಗೊತ್ತು. ಒಲೆ ಮುಂದೆ ಬೆವರು ಸುರಿಸಿದವರು ಬರೀ ‘ರಾಜನ ಬಾಣಸಿಗರು’!

ಇಂಗ್ಲೆಂಡಿನಲ್ಲಿ ಇವತ್ತಿಗೂ ಪೈಗೆ ಬ್ರ್ಯಾಮ್ಲಿ ಸೇಬೇ ಬೇಕು ಅನ್ನುವವರು ಬಹಳ. ದಪ್ಪನೆಯ, ಹುಳಿಯಾದ ಹಸಿರು ಸೇಬು ಅದು. ಹಾಗೇ ತಿನ್ನಲು ಆಗೋದಿಲ್ಲ, ಬೇಯಿಸಿದರೆ ಮಾತ್ರ ರುಚಿ. ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್ ಎಂಬ ಊರಿನಲ್ಲಿ 1809ರಲ್ಲಿ ಮೇರಿ ಆನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಸೇಬಿನ ಬೀಜ ಊರಿದಳು. ಅದು ಮೊಳೆತು ಮರವಾಯಿತು. ಹುಡುಗಿ ಮದುವೆಯಾಗಿ ಹೊರಟುಹೋದಳು. 1846ರಲ್ಲಿ ಆ ಮನೆಯನ್ನು ಮ್ಯಾಥ್ಯೂ ಬ್ರ್ಯಾಮ್ಲಿ ಎಂಬ ಮಾಂಸದ ವ್ಯಾಪಾರಿ ಕೊಂಡರು. ಹತ್ತು ವರ್ಷದ ನಂತರ ನರ್ಸರಿಯ ಹುಡುಗನೊಬ್ಬ ಬಂದು, ಈ ಮರದ ಕಡ್ಡಿ ತೆಗೆದುಕೊಂಡು ಕಸಿ ಮಾಡಲೇ ಅಂತ ಕೇಳಿದ. ‘ಧಾರಾಳವಾಗಿ ತಗೋ, ಆದರೆ ಸೇಬಿಗೆ ನನ್ನ ಹೆಸರಿಡಬೇಕು’ ಅಂದರಂತೆ ಬ್ರ್ಯಾಮ್ಲಿ. ಹಾಗೇ ಆಯಿತು. ಬೀಜ ಊರಿದ ಮೇರಿ ಆನ್ 1852ರಲ್ಲೇ ತೀರಿಕೊಂಡಿದ್ದರು. ತಾನು ಬೆಳೆಸಿದ ಗಿಡ ಏನಾಯಿತು ಅನ್ನೋದೇ ಅವರಿಗೆ ಗೊತ್ತಾಗಲಿಲ್ಲ.

ಇನ್ನೊಂದು ಕಥೆ ಆಸ್ಟ್ರೇಲಿಯಾದ್ದು. ಮರಿಯಾ ಆನ್ ಸ್ಮಿತ್ ಎಂಬಾಕೆ ಇಂಗ್ಲೆಂಡಿನಿಂದ ಗಂಡ, ಮಕ್ಕಳ ಜೊತೆ ಹೋಗಿ ಸಿಡ್ನಿ ಹತ್ತಿರ ತೋಟ ಮಾಡಿಕೊಂಡಿದ್ದರು. ಅವರು ಎಸೆದಿದ್ದ ಹಳೇ ಸೇಬಿನ ಬೀಜದಿಂದ ಹಳ್ಳದ ಬದಿಯಲ್ಲಿ ಒಂದು ಸಸಿ ತಾನಾಗೇ ಹುಟ್ಟಿತ್ತಂತೆ. ಅಜ್ಜಿ ಅದನ್ನು ಕಿತ್ತುಹಾಕಲಿಲ್ಲ, ಪೋಷಿಸಿದರು. 1868ರ ಹೊತ್ತಿಗೆ ಅದರ ಹಣ್ಣನ್ನು ನೆರೆಯವರಿಗೂ ತೋರಿಸಿದರು. 1870ರಲ್ಲಿ ಅಜ್ಜಿ ತೀರಿಕೊಂಡರು. ಆದರೆ ಅಕ್ಕಪಕ್ಕದವರು ಆ ಗಿಡವನ್ನು ಬೆಳೆಸಿ ಅವರ ಹೆಸರನ್ನೇ ಉಳಿಸಿದರು. ಬೆಂಗಳೂರಿನ ಸೂಪರ್ ಮಾರ್ಕೆಟ್‌ನಲ್ಲಿ ಸ್ಟಿಕರ್ ಅಂಟಿಸಿಕೊಂಡು ಕೂತಿರುತ್ತಲ್ಲ, ಹಸಿರು ಗ್ರ್ಯಾನಿ ಸ್ಮಿತ್ ಸೇಬು, ಅದೇ ಇದು!

ಇಬ್ಬರೂ ಮಾಡಿದ್ದು ಒಂದೇ ಬಗೆಯ ಕೆಲಸ. ಒಬ್ಬರ ಹೆಸರು ಉಳಿಯಿತು, ಇನ್ನೊಬ್ಬರದ್ದು ಅಳಿಯಿತು. ವ್ಯತ್ಯಾಸ ಇಷ್ಟೇ, ಇದು ನನ್ನದು ಅಂತ ಒಂದು ಕಡೆ ಯಾರೋ ಹೇಳಿಕೊಂಡರು, ಇನ್ನೊಂದು ಕಡೆ ಇದು ಅವಳದ್ದು ಅಂತ ಅಕ್ಕಪಕ್ಕದವರು ಹೇಳಿದರು.

ಈಗ ಅಡುಗೆಮನೆಗೆ ಬನ್ನಿ

ಪೈ ಮಾಡಲು ಹೊರಟ ನಮ್ಮ ಕೈ ಮೊದಲು ಎಡವುವುದೇ ಹಿಟ್ಟಿನಲ್ಲಿ. ಹೋಳಿಗೆ ಕಣಕ ನಾದಿದಷ್ಟೂ ಒಳ್ಳೆಯದು ಅಂತ ನಮಗೆ ಅಭ್ಯಾಸ. ಪೈ ಹಿಟ್ಟು ಅದಕ್ಕೆ ಪೂರ್ತಿ ಉಲ್ಟಾ. ನಾದಿದರೆ ಮೈದಾದ ಅಂಟು ಬಲಿತು ಹೊದಿಕೆ ಚರ್ಮದ ಹಾಗೆ ಗಟ್ಟಿಯಾಗುತ್ತೆ. ನನ್ನ ಮೊದಲ ಪೈ ಹಾಗೇ ಆಗಿತ್ತು, ನನ್ನ ಮಗ ‘ಅಮ್ಮ, ಇದನ್ನ ಗರಗಸದಲ್ಲಿ ಕೊಯ್ಯಬೇಕು’ ಅಂದಿದ್ದ.

ಹೊದಿಕೆಗೆ: ಮೈದಾ 300 ಗ್ರಾಂ, ಉಪ್ಪಿಲ್ಲದ ಬೆಣ್ಣೆ 180 ಗ್ರಾಂ, ಮುಕ್ಕಾಲು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ, ಐಸ್ ಹಾಕಿದ ನೀರು ಆರೇಳು ದೊಡ್ಡ ಚಮಚ. ಬೆಣ್ಣೆ ಫ್ರಿಜ್‌ನಿಂದ ಆಗಷ್ಟೇ ತೆಗೆದದ್ದಾಗಿರಬೇಕು. ಸಣ್ಣ ತುಂಡು ಮಾಡಿ ಹಿಟ್ಟಿಗೆ ಹಾಕಿ, ಬೆರಳ ತುದಿಯಿಂದ ಮಾತ್ರ ಉಜ್ಜಿ. ಕರ್ಜಿಕಾಯಿಗೆ ಬಿಸಿ ತುಪ್ಪ ಹಾಕಿ ಉಜ್ಜುತ್ತೀವಲ್ಲ, ಹಾಗೇ. ಆದರೆ ಇಲ್ಲಿ ಬೆಣ್ಣೆ ಕರಗಬಾರದು, ಬಟಾಣಿ ಕಾಳಿನಷ್ಟು ದಪ್ಪದ ಬೆಣ್ಣೆ ಅಲ್ಲಲ್ಲಿ ಕಾಣುತ್ತಲೇ ಇರಬೇಕು. ಓವನ್ನಿನ ಶಾಖಕ್ಕೆ ಆ ಬೆಣ್ಣೆ ಕರಗಿ, ಅದರೊಳಗಿನ ನೀರು ಆವಿಯಾಗಿ ಹಿಟ್ಟನ್ನು ಎತ್ತುತ್ತೆ. ಪದರ ಪದರ ಆಗೋದು ಆಗಲೇ. ಆಮೇಲೆ ಒಂದೊಂದೇ ಚಮಚ ತಣ್ಣೀರು ಚಿಮುಕಿಸಿ, ಹಿಟ್ಟು ಒಟ್ಟುಗೂಡಿದ ತಕ್ಷಣ ಕೈ ತೆಗೆಯಿರಿ. ಎರಡು ಉಂಡೆ ಮಾಡಿ, ಒಂದು ಸ್ವಲ್ಪ ದೊಡ್ಡದಿರಲಿ. ಚಪ್ಪಟೆ ಮಾಡಿ, ಮುಚ್ಚಿ, ಒಂದು ಗಂಟೆ ಫ್ರಿಜ್‌ನಲ್ಲಿಡಿ. ಬೇಸಿಗೆಯಾದರೆ ಬೆಳಿಗ್ಗೆ ಬೇಗ ಈ ಕೆಲಸ ಮುಗಿಸಿಬಿಡಿ. ಲಟ್ಟಿಸುವಾಗ ಮೆತ್ತಗಾಯಿತಾ? ಗಾಬರಿ ಬೇಡ, ಹತ್ತು ನಿಮಿಷ ಮತ್ತೆ ಫ್ರಿಜ್‌ಗೆ ಹಾಕಿ.

ಹೂರಣಕ್ಕೆ: ಸೇಬು ಒಂದು ಕೆ.ಜಿ. ನಮ್ಮಲ್ಲಿ ಸುಲಭವಾಗಿ ಸಿಗುವ ಶಿಮ್ಲಾ, ಕಾಶ್ಮೀರದ ಕೆಂಪು ಡೆಲಿಶಿಯಸ್ ಸೇಬು ಹಾಗೇ ತಿನ್ನಲು ಚೆಂದ. ಪೈಗೆ ಹಾಕಿದರೆ ಹುಳಿಯಿಲ್ಲದೆ ಸಪ್ಪೆಯಾಗಿ, ಬೆಂದು ಮುದ್ದೆಯಾಗುತ್ತೆ. ಆದ್ದರಿಂದ ಅರ್ಧದಷ್ಟಾದರೂ ಗ್ರ್ಯಾನಿ ಸ್ಮಿತ್ ಇರಲಿ. ದುಬಾರಿ ಅನ್ನಿಸಿದರೆ ಗಟ್ಟಿಯಾದ ಕೆಂಪು ಸೇಬನ್ನೇ ಆರಿಸಿ, ನಿಂಬೆರಸ ಹೆಚ್ಚು ಹಾಕಿ. ಸಿಪ್ಪೆ ತೆಗೆದು ತೆಳುವಾಗಿ ಹೆಚ್ಚಿ, 100 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣಿನ ರಸ, ಒಂದು ಟೀ ಚಮಚ ಚಕ್ಕೆ ಪುಡಿ, ಚಿಟಿಕೆ ಜಾಯಿಕಾಯಿ, ಚಿಟಿಕೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಿ. ಸೇಬು ನೀರು ಬಿಡುತ್ತೆ. ಆ ನೀರನ್ನು ಬಸಿದು, ಸಣ್ಣ ಬಾಣಲೆಯಲ್ಲಿ ಪಾಕದ ಹಾಗೆ ಕುದಿಸಿ ಇಳಿಸಿ ಮತ್ತೆ ಸೇಬಿಗೆ ಸೇರಿಸಿ. ಜೊತೆಗೆ ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್. ಈ ಒಂದು ಹೆಜ್ಜೆ ಬಿಟ್ಟರೆ ಪೈ ತಳ ಹಸಿಹಸಿ ಆಗೋದು ಖಂಡಿತ.

ದೊಡ್ಡ ಉಂಡೆ ಲಟ್ಟಿಸಿ ಒಂಬತ್ತು ಇಂಚಿನ ತಟ್ಟೆಗೆ ಹಾಸಿ, ಸೇಬು ತುಂಬಿ, ಇನ್ನೊಂದನ್ನು ಮೇಲೆ ಮುಚ್ಚಿ ಅಂಚು ಒತ್ತಿ. ಅಂಚು ಮಡಚಲು ಯಾರೂ ಹೇಳಿಕೊಡಬೇಕಾಗಿಲ್ಲ, ಕರ್ಜಿಕಾಯಿ ಮಡಚಿದ ಕೈ ನಿಮ್ಮದು. ಮೇಲೆ ಹಾಲು ಸವರಿ, ಆವಿ ಹೋಗಲು ಸೀಳು ಬಿಡಿ. ಮೊದಲೇ ಕಾಯಿಸಿಟ್ಟ ಓಟಿಜಿಯ ಕೆಳಗಿನ ಅಂತಸ್ತಿನಲ್ಲಿ 200 ಡಿಗ್ರಿಯಲ್ಲಿ 20 ನಿಮಿಷ, ಆಮೇಲೆ 180 ಡಿಗ್ರಿಗೆ ಇಳಿಸಿ ಸುಮಾರು 40 ನಿಮಿಷ. ಸೀಳಿನಿಂದ ರಸ ಗುಳುಗುಳು ಕುದಿಯೋದು ಕಾಣಬೇಕು. ತೆಗೆದ ಮೇಲೆ ಎರಡು ಮೂರು ಗಂಟೆ ಆರಲು ಬಿಡಿ. ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಹರಿದುಹೋಗುತ್ತೆ. ಮೈದಾ, ಬೆಣ್ಣೆ, ಸಕ್ಕರೆ ಇರುವ ತಿಂಡಿ ಇದು, ಹಬ್ಬಕ್ಕೊಂದು ಸಲ ಸಾಕು.

ಕಣ್ಣಳತೆಗೆ ಜಗ್ಗದ ತಿಂಡಿ

ಇಷ್ಟೆಲ್ಲ ಗ್ರಾಂ, ಡಿಗ್ರಿ ಯಾಕೆ, ಕಣ್ಣಳತೆಯಲ್ಲಿ ಹಾಕಿದರೆ ಆಗೋದಿಲ್ವಾ ಅಂತ ಕೇಳಬಹುದು. ಆಗೋದಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಮತ್ತೆ ಹಾಕಬಹುದು. ಓವನ್ ಬಾಗಿಲು ಹಾಕಿದ ಮೇಲೆ ಪೈ ನಮ್ಮ ಕೈಯಲ್ಲಿಲ್ಲ. ಅದಕ್ಕೇ ಪೈ ಮಾಡುವವಳು ಅಳತೆ ಬರೆದಿಡಲೇಬೇಕು. ‘ನಮ್ಮ ಓವನ್‌ಗೆ ಐದು ನಿಮಿಷ ಜಾಸ್ತಿ ಬೇಕು’, ‘ಜುಲೈ ಸೇಬಿಗೆ ಸಕ್ಕರೆ ಹೆಚ್ಚು ಬೇಕು’ ಅಂತ ಪ್ರತಿ ಸಲ ಒಂದು ಸಾಲು.

ನಮ್ಮ ಅತ್ತೆಯವರ ಕರ್ಜಿಕಾಯಿ ಇಡೀ ಬೀದಿಗೇ ಹೆಸರುವಾಸಿ. ಬಾಯಲ್ಲಿಟ್ಟರೆ ಕರಗುತ್ತಿತ್ತು. ಕೇಳಿದಾಗೆಲ್ಲ ‘ಅಂದಾಜಿಗೆ ಹಾಕೋದಮ್ಮ, ಅದರಲ್ಲೇನಿದೆ’ ಅನ್ನುತ್ತಿದ್ದರು. ನಾನೂ ಆಮೇಲೆ ಕಲಿತರಾಯಿತು ಅಂತ ಬಿಟ್ಟೆ. ಅವರು ಹೋಗಿ ಎಂಟು ವರ್ಷ ಆಯಿತು. ಪ್ರತಿ ಗೌರಿಹಬ್ಬಕ್ಕೂ ಮಾಡುತ್ತೀನಿ, ಪ್ರತಿ ಸಲವೂ ನಮ್ಮ ಯಜಮಾನರು ಒಂದು ಕಚ್ಚಿ ಸುಮ್ಮನಾಗುತ್ತಾರೆ. ‘ಅದರಲ್ಲೇನಿದೆ’ ಅಂತ ಅತ್ತೆ ಅಂದಿದ್ದರಲ್ಲ, ಅದೇನಿತ್ತು ಅಂತ ಈಗ ಯಾರನ್ನ ಕೇಳಲಿ?

ಹೆಸರು ಯಾಕೆ ಬೇಕು, ಮನೆಯವರಿಗೆ ಮಾಡಿ ಹಾಕೋದಕ್ಕೂ ಲೆಕ್ಕವಾ ಅಂತ ಕೆಲವರಿಗೆ ಅನ್ನಿಸಬಹುದು. ಇದು ಲೆಕ್ಕದ ಮಾತಲ್ಲ. ಯಾರು ಮಾಡಿದ್ದು ಅಂತ ಬರೆದಾಗಲೇ ಹೇಗೆ ಮಾಡಿದ್ದು ಅನ್ನೋದೂ ಉಳಿಯುತ್ತೆ. 1796ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಚ್ಚಾದ ‘ಅಮೆರಿಕನ್ ಕುಕರಿ’ ಪುಸ್ತಕದಲ್ಲಿ ಆಪಲ್ ಪೈ ಮಾಡುವ ವಿಧಾನ ಇದೆ. ಬರೆದ ಅಮೀಲಿಯಾ ಸಿಮನ್ಸ್ ಮುಖಪುಟದಲ್ಲಿ ತನ್ನ ಹೆಸರಿನ ಪಕ್ಕ ‘ಅಮೆರಿಕದ ಒಬ್ಬ ಅನಾಥೆ’ ಅಂತ ಹಾಕಿಕೊಂಡರು. ತವರಿಲ್ಲ, ದೊಡ್ಡ ಮನೆತನದ ಹೆಸರಿಲ್ಲ. ಆದರೂ ನಾನು ಬರೆದದ್ದು ಅಂತ ಹೇಳಿಕೊಳ್ಳಲು ಹಿಂಜರಿಯಲಿಲ್ಲ. ಇನ್ನೂರು ವರ್ಷ ದಾಟಿದರೂ ಅವರ ಅಡುಗೆ ಮಾಡುವವರಿದ್ದಾರೆ.

ನಮಗೆ ಪುಸ್ತಕ ಬೇಡ, ಮಕ್ಕಳ ಹಳೇ ನೋಟ್‌ಬುಕ್‌ನ ಕೊನೇ ಹಾಳೆ ಸಾಕು. ಮೇಲೆ ನಿಮ್ಮ ಹೆಸರು, ತಾರೀಖು, ಕೆಳಗೆ ಅಳತೆ. ಪೈಯಿಂದ ಶುರು ಮಾಡಿ, ಆಮೇಲೆ ನಿಮ್ಮ ಸಾರಿನಪುಡಿ, ಚಟ್ನಿಪುಡಿ ಕೂಡ ಅಲ್ಲಿಗೆ ಬರಲಿ. ಅಮ್ಮ, ಅತ್ತೆ ಇದ್ದರೆ ಈ ಭಾನುವಾರವೇ ಪಕ್ಕದಲ್ಲಿ ತಕ್ಕಡಿ ಇಟ್ಟುಕೊಂಡು ಅವರ ‘ಅಂದಾಜು’ ಎಷ್ಟು ಗ್ರಾಂ ಅಂತ ತೂಗಿ, ಅವರ ಹೆಸರಿನಲ್ಲಿ ಬರೆದುಕೊಳ್ಳಿ.

ಇನ್ನೊಂದು ಮಾತು. ಪೈ ಮೇಲೆ ಆವಿ ಹೋಗಲು ಸೀಳು ಬಿಡಬೇಕು ಅಂದೆನಲ್ಲ, ಅಲ್ಲಿ ಗೀಟು ಎಳೆಯುವ ಬದಲು ನಿಮ್ಮ ಹೆಸರಿನ ಮೊದಲ ಅಕ್ಷರ ಕೊರೆಯಿರಿ. ನಮ್ಮ ಕನ್ನಡ ಅಕ್ಷರ ದುಂಡು, ಚಾಕು ಪೂರ್ತಿ ಸುತ್ತಿಸಬೇಡಿ, ಹಿಟ್ಟು ತುಂಡಾಗಿ ಒಳಗೆ ಬಿದ್ದೀತು. ಮೇಜಿನ ಮೇಲೆ ತಂದಿಟ್ಟಾಗ ಯಾರಾದರೂ ‘ಯಾವ ಬೇಕರೀದು?’ ಅಂತ ಕೇಳೇ ಕೇಳುತ್ತಾರೆ. ಮನೆಯವರು ಬಾಯಿ ತೆರೆಯುವ ಮೊದಲು ನೀವೇ ಹೇಳಿಬಿಡಿ, ‘ನಾನು ಮಾಡಿದ್ದು’.